ತೊಟ್ಟಿಯಲ್ಲಿ ತೇಲಿದ ಮೀನುಗಳು

ಹಿತ್ತಲಿನ ತೊಟ್ಟಿಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಕೆಟ್ ಹಿಡಿದು ಬಂದ ದರ್ಜಿಯಮ್ಮ ಅಲ್ಲೇ ನಿಂತಳು. ಕೂಡಲೇ ಅವಳ ಕಣ್ಣು ಮಹಡಿಯ ಕಿಟಕಿಗೆ ಹೋಯಿತು. ಅಲ್ಲಿ ಇಸ್ತ್ರಿಯವನ ಅಂಗಿಗಳು ಸಾಲಾಗಿ ತೂಗುತ್ತಿದ್ದವು, ಆಸಾಮಿ ಕಾಣಲಿಲ್ಲ.

‘ಮಾಡೋದು ಮಾಡಿ ಅವಿತುಕೊಂಡಿದ್ದಾನೆ’ ಎಂದುಕೊಂಡಳು.

ಸೊಳ್ಳೆ ಕಚ್ಚಿ ಬಂದ ಜ್ವರ ಅವಳ ಗಂಡನನ್ನು ಹಿಂಡಿ ಹಿಪ್ಪೆ ಮಾಡಿತ್ತು. ಅವನು ಆಸ್ಪತ್ರೆಯಿಂದ ಕಡ್ಡಿಯಂತಾಗಿ ಮನೆಗೆ ಬಂದ ದಿನವೇ ಅವಳು ಕಟ್ಟಡವನ್ನೆಲ್ಲ ಸುತ್ತಿ, ಒಡೆದ ಬಕೆಟ್ಟು, ಹೂಕುಂಡದ ತಟ್ಟೆ, ಹಳೇ ಟೈರು, ನೀರು ನಿಂತದ್ದೆಲ್ಲವನ್ನೂ ಬೋರಲು ಹಾಕಿದ್ದಳು. ಉಳಿದದ್ದು ಕೆಳಮನೆಗೂ ಮೇಲ್ಮನೆಗೂ ಸೇರಿದ ಬಟ್ಟೆ ಒಗೆಯುವ ತೊಟ್ಟಿ. ಅದರಲ್ಲಿ ಸೊಳ್ಳೆಮರಿಗಳು ಪಿತಪಿತ ಎನ್ನುತ್ತಿದ್ದವು. ಗಿರಾಕಿಗಳ ಬಟ್ಟೆ ನೆನೆಸುವ ನೀರಿಗೆ ಔಷಧಿ ಸುರಿಯಲು ಮನಸ್ಸಾಗದೆ, ಅಂಗಡಿಯಿಂದ ಗಪ್ಪಿ ಮೀನು ತಂದು ಬಿಟ್ಟಳು. ಅವು ಸೊಳ್ಳೆಮರಿಗಳನ್ನು ಹುಡುಕಿ ಹುಡುಕಿ ನುಂಗಿದವು.

ಇಸ್ತ್ರಿಯವನು ಆಗಲೇ ಮುಖ ಸಿಂಡರಿಸಿದ್ದ. “ಅಕ್ಕಾ, ಈ ನೀರಲ್ಲಿ ಬಿಳಿ ಅಂಗಿ ಜಾಲಿಸಿದ್ರೆ ಮೀನಿನ ವಾಸನೆ ಹೊಡೆಯಲ್ವಾ?”

ಆ ಮಾತು ಈಗ ಮುಳ್ಳಿನಂತೆ ಚುಚ್ಚಿತು. ಅತ್ತೆಗಂತೂ ಅವಳು ಮೀನಿನ ವಿಷಯ ಹೇಳಿಯೇ ಇರಲಿಲ್ಲ. ನೀರಿನಲ್ಲಿ ಜೀವ ಓಡಾಡುತ್ತಿದೆ ಎಂದು ಗೊತ್ತಾದರೆ ಅವರು ತೊಟ್ಟಿಯನ್ನೇ ಮುಟ್ಟುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದಿದ್ದರಿಂದ ಗೊತ್ತಾಗುವ ಭಯವೂ ಇರಲಿಲ್ಲ.

ಮತ್ತೆ ಮೀನು ತಂದು ಬಿಟ್ಟಳು. ಹೊಲಿಗೆ ಮೆಷಿನ್ನನ್ನು ಹಿತ್ತಲ ಕಿಟಕಿಯ ಕಡೆಗೆ ತಿರುಗಿಸಿಕೊಂಡಳು. ಕಾಲು ಪೆಡಲ್ ತುಳಿಯುತ್ತಿದ್ದರೂ ಕಣ್ಣೆಲ್ಲ ತೊಟ್ಟಿಯ ಮೇಲೆ. ಮಧ್ಯಾಹ್ನ ಇಸ್ತ್ರಿಯವನು ಇಳಿದು ಬಂದ. ಅತ್ತ ಇತ್ತ ನೋಡಿದ. ನೀರಿಗೆ ಬೆರಳದ್ದಿ ಮೂಸಿದ, ಏನೋ ಗೊಣಗಿಕೊಂಡು ಮೇಲೆ ಹೋದ. ಅವಳ ಸೂಜಿ ಅಡ್ಡಾದಿಡ್ಡಿ ಓಡಿ ಕುಪ್ಪಸದ ತೋಳು ಕೆಟ್ಟಿತು.

ಮಾರನೆಯ ಬೆಳಗ್ಗೆ ಮೀನುಗಳು ಮತ್ತೆ ಸತ್ತಿದ್ದವು. ನೀರಿನ ಮೇಲೆ ಎಣ್ಣೆಯ ಪೊರೆ, ಕಹಿ ಕಮಟು.

“ಏನಣ್ಣಾ ಹಾಕ್ದೆ ನೀರಿಗೆ?” ಮೆಟ್ಟಿಲ ಬುಡದಲ್ಲೇ ಅವನನ್ನು ಅಡ್ಡಗಟ್ಟಿದಳು. “ಬಾಯಿಲ್ಲದ ಮೀನು ನಿನಗೇನು ಮಾಡಿತ್ತು?”

“ನಾನಾ?” ಅವನು ಕೈಯಲ್ಲಿದ್ದ ಬಿಳಿ ಅಂಗಿಯನ್ನು ಕೊಡವಿ ತೋರಿಸಿದ. ಬೆನ್ನ ತುಂಬ ಹಳದಿ ಕಲೆ. “ನೀವೇ ಏನೋ ಸುರಿದು ನನ್ನ ಹೊಟ್ಟೆ ಮೇಲೆ ಹೊಡೀತಿದೀರ ಅಂತ ನಾನು ಕಾಯ್ತಿದ್ದೀನಿ. ಕಳ್ಳನೇ ಮೊದಲು ‘ಕಳ್ಳ ಕಳ್ಳ’ ಅಂತ ಕೂಗಿದ ಹಾಗಾಯ್ತು!”

“ಬಾಯಿಗೆ ಬಂದ ಹಾಗೆ ಮಾತಾಡ್ಬೇಡ!”

ಗಲಾಟೆ ಕೇಳಿ ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಇನ್ನೊಂದು ಕೈಯಲ್ಲಿ ಸಣ್ಣ ಸೀಸೆ.

“ಯಾಕ್ರೋ ಕಿತ್ತಾಡ್ತೀರಾ? ಹಾಕಿದ್ದು ನಾನು. ಬೇವಿನೆಣ್ಣೆಗೆ ಸೋಪುನೀರು ಬೆರೆಸಿ ಹಾಕ್ತಿದ್ದೀನಿ. ಹೇಳಿದ್ರೆ ಗಿರಾಕಿ ಬಟ್ಟೆಗೆ ಕಮಟು ಹತ್ತುತ್ತೆ ಅಂತ ಇವಳು ಬೇಡ ಅಂತಾಳೆ. ನನ್ನ ಮಗ ಸಾವಿನ ಬಾಯಿಗೆ ಹೋಗಿ ಬಂದಿದ್ದಾನೆ, ನಾನು ಕೈಕಟ್ಟಿ ಕೂತಿರ್ಲಾ?” ಆಮೇಲೆ ದನಿ ತಗ್ಗಿಸಿದರು. “ಆದ್ರೆ ಕಣೇ, ಹಾಳಾದ ಹುಳ ಬೆರಳುದ್ದ ಬೆಳೆದಿದ್ದಾವೆ. ನೆರಳಿನ ಹಾಗೆ ಓಡಾಡ್ತಿದ್ವು. ಅದಕ್ಕೇ ನಿನ್ನೆ ಸಂಜೆ ನೀನು ಅಡುಗೆಮನೆಗೆ ಹೋದಾಗ ಇನ್ನೊಂದಿಷ್ಟು ಜಾಸ್ತಿ ಹಾಕ್ದೆ.”

ಇಸ್ತ್ರಿಯವನು ನಗು ತಡೆಯಲಾರದೆ ಅಂಗಿಯಿಂದ ಮುಖ ಮುಚ್ಚಿಕೊಂಡ. ದರ್ಜಿಯಮ್ಮನಿಗೆ ನಗು ಬರಲಿಲ್ಲ. ಎರಡು ಮನೆಮದ್ದು ಒಂದೇ ತೊಟ್ಟಿಯಲ್ಲಿ ಹೊಡೆದಾಡಿಕೊಂಡಿದ್ದವು, ಅವಳು ಮೂರನೆಯವನ ಕುತ್ತಿಗೆಗೆ ಕೈ ಹಾಕಿದ್ದಳು.

“ತಪ್ಪಾಯ್ತು ಅಣ್ಣಾ,” ಎಂದಳು, ನೆಲ ನೋಡುತ್ತ. “ಅತ್ತೇ, ಅವು ಹುಳ ಅಲ್ಲ. ನಾನು ಬಿಟ್ಟಿದ್ದ ಮೀನು.”

“ಮೀನಾ? ಅಯ್ಯೋ, ನಾನು ಅದೇ ನೀರಲ್ಲಿ ಕಾಲು ತೊಳ್ಕೊಂಡೆನಲ್ಲೇ!”

ಅವತ್ತು ಮೂವರೂ ಸೇರಿ ತೊಟ್ಟಿ ಖಾಲಿ ಮಾಡಿದರು. ಗೋಡೆಗೆ ಅಂಟಿದ ಸೊಳ್ಳೆಮೊಟ್ಟೆ ಹೋಗಲೆಂದು ಇಸ್ತ್ರಿಯವನು ಬ್ರಷ್ಷಿನಿಂದ ಗಸಗಸ ಉಜ್ಜಿದ. ದರ್ಜಿಯಮ್ಮ ಸೊಳ್ಳೆ ಪರದೆಯ ಬಟ್ಟೆಯನ್ನು ತೊಟ್ಟಿಯ ಅಳತೆಗೆ ಕತ್ತರಿಸಿ, ಅಂಚಿಗೆ ಎಲಾಸ್ಟಿಕ್ ಕೊಟ್ಟು ಬಿಗಿಯಾದ ಮುಚ್ಚಳ ಹೊಲಿದಳು. ವಾರಕ್ಕೊಮ್ಮೆ ತೊಟ್ಟಿ ತೊಳೆಯುವುದೆಂದು ಮಾತಾಯಿತು.

ಆದರೂ ಇಸ್ತ್ರಿಯವನು ಮೊದಲಿನಂತೆ ಅವಳ ಬಾಗಿಲಲ್ಲಿ ನಿಂತು ಹರಟಲಿಲ್ಲ. ಗುಂಡಿ ಹೊಲಿಸಲು ಬಂದಾಗಲೂ ಅಂಗಿಯನ್ನು ಕಿಟಕಿಯಲ್ಲೇ ಚಾಚಿ, “ಆಮೇಲೆ ಬರ್ತೀನಿ,” ಎಂದು ಹೊರಟುಬಿಡುತ್ತಿದ್ದ. ಅವಳು ಎಲ್ಲಕ್ಕಿಂತ ಮೊದಲು ಅವನ ಗುಂಡಿಯನ್ನೇ ಹೊಲಿದು, ನೂಲು ಕಿತ್ತುಬರದಂತೆ ಇನ್ನೊಂದು ಗಂಟು ಹೆಚ್ಚಿಗೆ ಹಾಕಿಡುತ್ತಿದ್ದಳು.