ಫರ್ಸಿಯ ಮೇಲಿನ ನೀರು

ಭಾಮಾಬಾಯಿ ವಾಡಿ ಜಂಕ್ಷನ್ನಿನ ವಿಚಾರಣೆ ಕಿಟಕಿಯಿಂದ ನಿವೃತ್ತರಾಗಿ ಮನೆಗೆ ಬಂದರೂ ಆ ಕಿಟಕಿ ಅವರನ್ನು ಬಿಡಲಿಲ್ಲ. ಊಟದ ಹೊತ್ತಿಗೆ ಗಂಡ ನಂದಕಿಶೋರರಾಯರು "ಉಪ್ಪಿನಕಾಯಿ ಎಲ್ಲದ?" ಎಂದು ಕೇಳಿದರೆ "ಎರಡನೇ ಪ್ಲಾಟ್‌ಫಾರ್ಮ್" ಎಂದುಬಿಡುವರು. ರಾಯರು ನಗುತ್ತಿರಲಿಲ್ಲ. ಸುಮ್ಮನೆ ಎದ್ದು ಹೋಗಿ ಕಪಾಟಿನ ಎರಡನೇ ಹಲಗೆಯ ಮೇಲಿನ ಡಬ್ಬಿ ತರುವರು. ಅದರಲ್ಲಿ ಇರುತ್ತಿದ್ದದ್ದು ಸಕ್ಕರೆ. ಒಂದು ಚಿಟಿಕೆ ಎಲೆಗೆ ಹಾಕಿಕೊಂಡು ಊಟ ಮುಂದುವರಿಸುವರು.

ಕೇಳಿದ್ದಕ್ಕೆ ಹೇಳುವುದು, ನೌಕರಿಯ ಉದ್ದಕ್ಕೂ ಭಾಮಾಬಾಯಿ ಮಾಡಿದ್ದು ಇದೊಂದೇ ಕೆಲಸ. ಸೊಲ್ಲಾಪುರದ ಗಾಡಿ ಯಾವಾಗ, ಸೇಡಂ ಕಡೆಯದು ಎಲ್ಲಿ ನಿಲ್ಲುತ್ತದೆ, ಕೂಸಿಗೂ ಟಿಕೀಟು ಬೇಕೇ, ಕುಡಿಯುವ ನೀರು ಯಾವ ಕಡೆ. ಉತ್ತರ ಗೊತ್ತಿರದಿದ್ದರೆ, "ಇನ್ನಾ ಮಾಹಿತಿ ಬಂದಿಲ್ಲ, ಕುಂದ್ರಿ" ಎನ್ನುವರು. ಆ 'ಕುಂದ್ರಿ' ಇಲಾಖೆ ಕಲಿಸಿದ ಮಾತಲ್ಲ. ನಿಂತವರ ಕಾಲು ನೋಡಿ ಅವರೇ ಸೇರಿಸಿದ್ದು.

ಈಗ ರಕ್ತದೊತ್ತಡ ಏರಿತ್ತು. ಡಾಕ್ಟರು ಗುಳಿಗೆ ಬರೆದುಕೊಟ್ಟು, ಜೊತೆಗೆ ದಿನಾ ಸ್ವಲ್ಪ ಧ್ಯಾನ ಮಾಡಿರಿ ಎಂದರು. ಕಣ್ಣು ಮುಚ್ಚಿದ್ದೇ ತಡ, ತಲೆಯೊಳಗೆ ಗಾಡಿಗಳು ಬರತೊಡಗುತ್ತಿದ್ದವು. ಅಲ್ಲಿ ಮಾತ್ರ ಒಂದು ಗಾಡಿಯೂ ಲೇಟಾಗುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ತುಳಸಿಕಟ್ಟೆ ತೊಳೆದ ನೀರು ಮಗ್ಗುಲಿನ ಕಾಂಪೌಂಡಿಗೆ ಸಿಡಿಯಿತು. ಆ ಕಡೆಯ ಮನೆಗಳಲ್ಲಿ ಕಾಂಪೌಂಡು ಎಂದರೆ ಶಹಾಬಾದಿನ ಫರ್ಸಿಗಲ್ಲುಗಳನ್ನು ಸಾಲಾಗಿ ನೆಟ್ಟ ಎದೆಯೆತ್ತರದ ಗೋಡೆ. ಬೂದು ಕಲ್ಲಿನ ಮೇಲೆ ನೀರು ಬಿದ್ದಲ್ಲಿ ಕಪ್ಪಗೆ ಒಂದು ಆಕಾರ ಮೂಡಿತು. ಬಿಸಿಲು ಅದನ್ನು ಅಂಚಿನಿಂದ ಮೆಲ್ಲಗೆ ಕುಡಿಯತೊಡಗಿತು. ಭಾಮಾಬಾಯಿ ಚೊಂಬು ಹಿಡಿದು ನಿಂತೇ ಇದ್ದರು. ಪೂರ್ತಿ ಒಣಗಿದ ಮೇಲೆ ಹೊಳೆಯಿತು: ಅಷ್ಟು ಹೊತ್ತೂ ಒಂದು ಗಾಡಿಯೂ ಬಂದಿರಲಿಲ್ಲ.

ಮರುದಿನ ಸುಣ್ಣ ಬಳಿಯುವ ಹಳೇ ಕುಂಚ ಹುಡುಕಿ ತೆಗೆದರು. ಬಕೆಟ್ಟಿನ ನೀರಿನಲ್ಲಿ ಅದ್ದುವುದು, ಫರ್ಸಿಯ ಮೇಲೆ ಎಳೆಯುವುದು, ಒಣಗುವುದನ್ನು ನೋಡುವುದು. ರಂಗೋಲಿ ಹಾಕಿದ ಕೈ ತಾನಾಗಿಯೇ ಕಮಲದ ಕಡೆ ಹೊರಟರೆ, ದಾರಿ ತಪ್ಪಿದ ಆಕಳನ್ನು ತಿರುಗಿಸುವ ಹಾಗೆ ತಿರುಗಿಸುವರು. ಕಲಬುರಗಿಯಲ್ಲಿ ಚಿತ್ರಕಲೆ ಓದುವ ಸೋದರಸೊಸೆ ಪ್ರಮಿತಾ ಫೋನಿನಲ್ಲಿ ಕೇಳಿ ಕುಣಿದಾಡಿದಳು. "ಅತ್ಯಾ, ಇದಕ್ಕ ಅಮೂರ್ತ ಕಲಾ ಅಂತಾರ! ಏನೂ ಅಲ್ಲದ್ದು ತೆಗಿಯೋದು ಭಾಳ ಕಷ್ಟ!"

ಮನೆಯಲ್ಲಿ ಉಪ್ಪಿನಕಾಯಿ ಉಪ್ಪಿನಕಾಯಿಯ ಜಾಗದಲ್ಲೇ ಸಿಗತೊಡಗಿತು.

ಆದರೆ ಓಣಿಯ ಕಡೆಯ ಗೋಡೆಯೂ ಎದೆಯೆತ್ತರದ್ದೇ, ಓಣಿಯವರ ಮೊಣಕೈಗೆ ಹೇಳಿ ಮಾಡಿಸಿದ್ದು; ಅಲ್ಲಿ ನಿಂತರೆ ಒಳಗಿನ ಫರ್ಸಿ ಪೂರ್ತಿ ಕಾಣುತ್ತಿತ್ತು. ಮೊದಲು ಬಂದು ಮೊಣಕೈ ಊರಿದವಳು ಕಾಯಿಪಲ್ಲೆ ಮಾರುವ ರಹೀಮಾ. "ಏನ್ ತೆಗಿಲಿಕತ್ತೀರಿ ಅಮ್ಮಾ?"

"ತಲ್ಯಾಗ ಗಾಡಿ ಹೊಕ್ಕಾವ ನೋಡು, ಅವನ್ನ ತೆಗಿಲಿಕತ್ತೀನಿ."

"ಸುಳ್ಳು ಹೇಳಬ್ಯಾಡ್ರಿ. ಅದು ಬದನಿಕಾಯಿ. ತೊಟ್ಟು ಸೈತ ಕಾಣಸ್ತದ!"

ಪಕ್ಕದ ಮನೆಯ ರತ್ನಾಬಾಯಿಗೆ ಕಂಡದ್ದು ತವರೂರು ದಂಡೋತಿಯಲ್ಲಿ ಕಾಗಿಣಾ ಹೊಳೆ ಹೊರಳುವ ಜಾಗ. "ಏನೂ ಅಲ್ಲವ್ವಾ, ಇದು ಅಮೂರ್ತ ಕಲಾ" ಎಂದು ಭಾಮಾಬಾಯಿ ವಿವರಿಸಿದರೆ ಆಕೆಯ ಕಣ್ಣು ದೊಡ್ಡವಾದವು.

"ಅಮೃತಪ್ಪನ ಕಲಾ? ನಮ್ಮನಿಯವರದಾ? ಅಯ್ಯ, ಅವರಿಗಿ ಗ್ವಾಡಿಗಿ ಒಂದು ಮೊಳಿ ನೆಟ್ಟಗ ಹೊಡಿಯಾಕ ಬರಾಂಗಿಲ್ಲ, ಕಲಾ ಎಲ್ಲಿಂದು!" ಎಂದವಳೇ ಗಂಡನ ಹೆಸರು ಬಾಯಿಂದ ಜಾರಿದ್ದು ನೆನಪಾಗಿ ಸೆರಗು ಕಚ್ಚಿದಳು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ವಿಠೋಬನ ಗುಡಿಯ ಪೂಜಾರಿ ಲಕ್ಷ್ಮೀಕಾಂತಾಚಾರ್ಯರು ಒಂದು ಬೆಳಿಗ್ಗೆ ಆ ದಾರಿಯಲ್ಲಿ ಹೊರಟವರು ಗೋಡೆಯೆದುರು ಗಕ್ಕನೆ ನಿಂತರು.

"ಭಾಮಾಬಾಯಿ! ಕೈ ತಗೀರಿ! ಸೊಂಟದ ಮ್ಯಾಲ ಕೈ ಇಟ್ಟು ನಿಂತಾನ! ಸಾಕ್ಷಾತ್ ವಿಠ್ಠಲ! ಒಣಗಲಿಕ್ಕೆ ಬಿಡಬ್ಯಾಡ್ರಿ, ಕರ್ಪೂರ ತರ್ತೀನಿ!"

ಧೋತರ ಎತ್ತಿ ಓಡಿದರು. ಬಿಸಿಲಿಗೆ ಯಾವ ಭಕ್ತಿಯೂ ಇರಲಿಲ್ಲ; ಅವರು ಏದುಸಿರು ಬಿಡುತ್ತ ವಾಪಸಾಗುವಷ್ಟರಲ್ಲಿ ಫರ್ಸಿ ಬೋಳಾಗಿತ್ತು.

"ಮತ್ತೊಮ್ಮಿ ತೆಗೀರಿ."

"ಹ್ಯಾಂಗ್ ತೆಗೀಲಿ? ನಾ ತೆಗದದ್ದು ಅವನನ್ನಲ್ರಿ."

"ಅಂದ್ರ ಅವನೇ ಬಂದಿದ್ದ!" ಎಂದರು ಆಚಾರ್ಯರು, ಇನ್ನೂ ಉತ್ಸಾಹದಿಂದ.

ಮರುದಿನ ಗೋಡೆಯಾಚೆ ತಾಳ ಹಿಡಿದವರಿದ್ದರು. ಅದರ ಮರುದಿನ ಇನ್ನಷ್ಟು ಮೊಣಕೈಗಳು. ಕುಂಚ ಎತ್ತಿದರೆ ಸಾಕು, "ಬಂತು ಬಂತು, ಸೊಂಟ ಬಂತು" ಎಂಬ ಗದ್ದಲ. ಎಲ್ಲರದ್ದೂ ಒಂದೇ ಪ್ರಶ್ನೆ: ಇದೇನು, ಇದೇನು, ಇದೇನು. ವಿಚಾರಣೆ ಕಿಟಕಿಯೇ ಮನೆಯ ತನಕ ನಡೆದುಬಂದಂತಿತ್ತು. ಭಾಮಾಬಾಯಿ ಕುಂಚ ಒರೆಸಿ ಅಟ್ಟದ ಮೇಲಿಟ್ಟರು.

ಆ ವಾರ ಊಟಕ್ಕೆ ಕುಳಿತ ರಾಯರು, "ತುಪ್ಪ ಎಲ್ಲದ?" ಎಂದರು.

"ಮೂರನೇ ಪ್ಲಾಟ್‌ಫಾರ್ಮ್. ಲೇಟದ."

ರಾಯರು ಹೆಂಡತಿಯ ಮುಖ ನೋಡಿದರು. ಚಿತ್ತಾಪುರದ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮನುಷ್ಯ; ಮಾತು ಕಡಿಮೆ. ಮರುದಿನ ಬೆಳಿಗ್ಗೆ ತಾವೇ ಅಟ್ಟ ಹತ್ತಿ ಕುಂಚ ಇಳಿಸಿ, ಬಕೆಟ್ಟು ತುಂಬಿ ತುಳಸಿಕಟ್ಟೆಯ ಹತ್ತಿರ ಇಟ್ಟರು. ಮಡಚುವ ಕುರ್ಚಿಯೊಂದನ್ನು ಗೇಟಿನಾಚೆ ಹಾಕಿ, ಪಂಚೆ ಸರಿಮಾಡಿಕೊಂಡು ಕುಳಿತರು. ಭಾಮಾಬಾಯಿಗೆ ಒಳಗಿನಿಂದ ಕಾಣುತ್ತಿದ್ದದ್ದು ಅವರ ನೆತ್ತಿ ಮಾತ್ರ. ಕಿವಿಗೆ ಎಲ್ಲವೂ ಕೇಳುತ್ತಿತ್ತು.

"ಸರ್, ಇವತ್ತ ಅಮ್ಮಾ ಏನ್ ತೆಗದಾರ?" ರಹೀಮಾಳ ದನಿ.

"ನಿನಗೇನ್ ಕಾಣಸ್ತದ?"

"ಹೀರಿಕಾಯಿ."

"ಕರೆಕ್ಟ್. ಮುಂದ ಯಾರು?"

ರತ್ನಾಬಾಯಿಗೆ ಮತ್ತೆ ಕಾಗಿಣಾ ಕಂಡಿತು. "ಕರೆಕ್ಟ್. ನೀರು ಎಷ್ಟದ ಈ ವರ್ಷ?" ಎಂದು ರಾಯರು ಅವಳ ತವರಿನ ಸುದ್ದಿಯನ್ನೇ ತೆಗೆದರು. ಅವಳು ಸಮಾಧಾನವಾಗಿ ಹೇಳಿ, ಹಗುರಾಗಿ ಹೋದಳು.

ಕರ್ಪೂರ ಕೈಯಲ್ಲೇ ಹಿಡಿದು ಆಚಾರ್ಯರು ಬಂದರು.

"ರಾಯರ, ಬಂದಾನೇನು?"

"ಆಚಾರ್ಯರ, ಅವನು ಈ ಸ್ಟೇಷನ್ನಿನಾಗ ನಿಂದ್ರಾಂಗಿಲ್ಲ. ನೇರ ನಿಮ್ಮ ಗುಡಿಗೇ ಹೋಗ್ಯಾನ. ನೀವಿಲ್ಲಿ, ಅವ ಅಲ್ಲಿ ಒಬ್ಬನೇ ಕಾಯಲಿಕತ್ತಾನ."

ಆಚಾರ್ಯರು ಕರ್ಪೂರ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಅಯ್ಯಯ್ಯೋ, ನೈವೇದ್ಯ ಆಗಿಲ್ಲ!" ಎಂದು ಬಂದ ದಾರಿಯಲ್ಲೇ ಓಡಿದರು.

ಒಳಗೆ ಭಾಮಾಬಾಯಿಗೆ ನಗು ತಡೆಯಲಾಗದೆ ಕುಂಚ ನಡುಗಿತು. ಗೆರೆ ಅಂಕುಡೊಂಕಾಗಿ ಕೆಳಗಿಳಿಯಿತು. ಇರಲಿ ಎಂದುಕೊಂಡು ಅದರ ಪಕ್ಕ ಇನ್ನೊಂದು ಎಳೆದರು. ಹೊರಗೆ ಪ್ರಶ್ನೆಗಳು ಗೇಟಿನ ತನಕ ಬಂದು, ಉತ್ತರ ಇಸಿದುಕೊಂಡು ಹೋಗುತ್ತಿದ್ದವು. ಒಳಗೆ ನೀರು, ಕಲ್ಲು, ಬಿಸಿಲು.

ಹೀಗೆ ದಿನಗಳು ಹೋದವು. ಒಂದು ಬೆಳಿಗ್ಗೆ ಕುಂಚ ಕೆಳಗಿಟ್ಟ ಭಾಮಾಬಾಯಿ ಫರ್ಸಿಯನ್ನು ಬಹಳ ಹೊತ್ತು ನೋಡಿದರು. ಎಂದೂ ಮೂಡದಿದ್ದ ಆಕಾರ. ಕಮಲವಲ್ಲ, ಹೊಳೆಯಲ್ಲ, ಕಾಯಿಪಲ್ಲೆಯಂತೂ ಅಲ್ಲ. ಆದರೂ ಎದೆಯೊಳಗೆ ಏನೋ ಗುರುತು ಹಿಡಿದಂತಾಯಿತು. ಜೀವಮಾನವಿಡೀ ಬರೀ ಉತ್ತರ ಹೇಳಿದ ಹೆಂಗಸಿಗೆ ಕೇಳಬೇಕೆನಿಸಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಗೇಟಿನ ಹತ್ತಿರ ಹೋದರು.

"ರೀ, ಒಂದಿಷ್ಟು ಹೊಳ್ಳಿ ನೋಡ್ರಿ. ಅದೇನ್ರಿ?"

ರಾಯರು ಹೊರಳಿ ನೋಡಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. 'ಕರೆಕ್ಟ್' ಎನ್ನಲಿಲ್ಲ. ಎದ್ದು ನಿಂತು, ಕುರ್ಚಿಯನ್ನು ಹೆಂಡತಿಯ ಕಡೆ ಸರಿಸಿದರು.

"ಇನ್ನಾ ಮಾಹಿತಿ ಬಂದಿಲ್ಲ," ಎಂದರು. "ಕುಂದ್ರಿ."