ಗವಸಿನ ಸದ್ದು

ಬೇಸ್‌ಬಾಲ್ ಆಟದ ಆರನೆಯ ಇನಿಂಗ್ಸಿನ ಎರಡನೆಯ ಚೆಂಡು ಗವಸಿಗೆ ಬಂದು ಬಿತ್ತು. ಆರ್ವಿಲ್ ಟ್ಯಾಕೆಟ್‌ನ ಅಂಗೈ ಉರಿಯಲಿಲ್ಲ. ಮುಖಕವಚದ ಕಂಬಿಗಳ ಹಿಂದಿನಿಂದ ಅವನು ಚೆಂಡು ಎಸೆಯುವ ದಿಬ್ಬದ ಮೇಲೆ ನಿಂತಿದ್ದ ಲೈಲ್ ಹಚಿನ್ಸ್‌ನನ್ನು ನೋಡಿದ. ಹುಡುಗ ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಲಗೈಯನ್ನು ಮೇಲೆತ್ತಲು ಹೋಗಿ, ಅರ್ಧಕ್ಕೇ ನಿಲ್ಲಿಸಿ, ಎಡಗೈಯಲ್ಲಿ ಸರಿಮಾಡಿಕೊಂಡ.

ಏಪ್ರಿಲಿನಿಂದ ಆರ್ವಿಲ್ ಈ ಹುಡುಗನ ಚೆಂಡು ಹಿಡಿಯುತ್ತಿದ್ದಾನೆ. ಆಟ ಮುಗಿದ ಮೇಲೆ ಎಡ ಅಂಗೈ ಹಸಿ ಮಾಂಸದಂತೆ ಕೆಂಪಗೆ ಊದಿಕೊಂಡು, ಮನೆಯಲ್ಲಿ ಚಮಚ ಹಿಡಿಯಲೂ ಆಗುತ್ತಿರಲಿಲ್ಲ. ಆ ವೇಗ ಬೆಲ್‌ಫೋರ್ಡಿನಂಥ ಗಿರಣಿ ಊರಿನ ತಂಡಕ್ಕೆ ಇಪ್ಪತ್ತು ವರ್ಷಕ್ಕೊಮ್ಮೆ ಸಿಕ್ಕಿದರೆ ಹೆಚ್ಚು. ಕಳೆದ ಎರಡು ವಾರದಿಂದ ಮಾತ್ರ ಚೆಂಡು ಬರುವ ರೀತಿ ಬದಲಾಗಿತ್ತು. ನೋಡುವವರ ಕಣ್ಣಿಗೆ ಅದು ಕಾಣುವಂಥದ್ದಲ್ಲ. ಇವತ್ತು ಅನುಮಾನಕ್ಕೆ ಜಾಗವೇ ಉಳಿದಿರಲಿಲ್ಲ. ಮೊಣಕೈಯಲ್ಲಿ ಏನೋ ಹರಿಯುತ್ತಿದೆ, ಇನ್ನೂ ಪೂರ್ತಿ ಹರಿದಿಲ್ಲ. ಈಗ ನಿಲ್ಲಿಸಿ ಚಳಿಗಾಲವಿಡೀ ಸುಮ್ಮನಿದ್ದರೆ ಕೈ ಉಳಿದೀತು. ಎಸೆಯುತ್ತ ಹೋದರೆ ಇಲ್ಲ.

ಅದನ್ನು ಹೇಳಬೇಕಾದವನು ಆರ್ವಿಲ್. ಈ ಆಟದಲ್ಲಿ ಚೆಂಡು ಎಸೆಯುವ ಪಿಚರನ ಬಾಯಿಯನ್ನು ಯಾರೂ ನಂಬುವುದಿಲ್ಲ. ಕೈ ಕಳಚಿ ನೆಲಕ್ಕೆ ಬಿದ್ದರೂ ಅವನು ಚೆನ್ನಾಗಿದ್ದೇನೆ ಎಂದೇ ಹೇಳುತ್ತಾನೆ. ಮ್ಯಾನೇಜರ್ ಗ್ರೇಡಿ ಸ್ಪೈವಿ ದಿಬ್ಬಕ್ಕೆ ಬಂದಾಗಲೆಲ್ಲ ಪಿಚರನೊಂದಿಗೆ ಮಾತಾಡುತ್ತ, ಚೆಂಡು ಹಿಡಿಯುವ ಕ್ಯಾಚರನ ಮುಖ ನೋಡುತ್ತಿದ್ದ. ಆರ್ವಿಲ್ ಒಮ್ಮೆ ಬಗ್ಗಿ ಮಣ್ಣು ಮುಟ್ಟಿ ಸನ್ನೆ ಮಾಡಿದರೆ ಮುಗಿಯಿತು, ಪಿಚರ್ ಎಷ್ಟೇ ಹಾರಾಡಿದರೂ ಹೊರಗೆ.

ಆರ್ವಿಲ್ ಆಟ ನಿಲ್ಲಿಸಿ, ಕುಂಟುತ್ತ ದಿಬ್ಬಕ್ಕೆ ನಡೆದ.

ಆ ಕುಂಟು ಐದು ವರ್ಷ ಹಳೆಯದು. ಸಾವಿರದ ಒಂಬೈನೂರ ಐವತ್ತೆರಡರಲ್ಲಿ ದೊಡ್ಡ ತಂಡದಿಂದ ಅವನಿಗೆ ಕರೆ ಬಂದು, ಹೊರಡಲು ಒಂಬತ್ತು ದಿನ ಬಾಕಿಯಿತ್ತು. ಓಡಿಬಂದ ಎದುರಾಳಿಯೊಬ್ಬ ಕ್ಯಾಚರನ ಮುಂದಿರುವ ಹೋಮ್ ಪ್ಲೇಟಿನ ಹತ್ತಿರ ಜಾರಿ, ಎರಡೂ ಕಾಲನ್ನು ಅವನ ಮಂಡಿಗೆ ಇಕ್ಕಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಂದಿನಿಂದ ಅವನು ಬೆಲ್‌ಫೋರ್ಡಿನಲ್ಲೇ ಇದ್ದಾನೆ. ಈಗ ಅವನಿಗೆ ಮೂವತ್ತನಾಲ್ಕು ವರ್ಷ, ಹುಡುಗರ ಬಾಯಲ್ಲಿ ಅಜ್ಜ. ಆ ಹೆಸರಿಟ್ಟವನೇ ಲೈಲ್. ಜುಲೈ ತಿಂಗಳಲ್ಲಿ ಗಿರಣಿಯವರು ಕೊಟ್ಟ ಊಟದ ದಿನ, ಬೇಯಿಸಿದ ಶೇಂಗಾ ತಿನ್ನುತ್ತ ಕೂತಿದ್ದ ಇಡೀ ಊರಿನೆದುರು ಲೈಲ್ ಅವನ ನಡಿಗೆಯನ್ನು ಅಣಕಿಸಿ ತೋರಿಸಿದ್ದ, ಹಿಂಭಾಗ ಎತ್ತಿ, ಒಂದು ಕಾಲು ಎಳೆದುಕೊಂಡು. ಎಲ್ಲರೂ ನಕ್ಕರು. ಆರ್ವಿಲ್‌ನ ಹೆಂಡತಿ ನೀವಾ ಕೂಡ ನಕ್ಕಳು. ಆಮೇಲೆ ಬಾಯಿ ಮುಚ್ಚಿಕೊಂಡಳು ನಿಜ, ಆದರೆ ನಕ್ಕಿದ್ದಳು. ಊರಿನವರನ್ನು ಆರ್ವಿಲ್ ಮರೆತಿದ್ದ, ಅದನ್ನು ಮರೆತಿರಲಿಲ್ಲ.

ದಿಬ್ಬದ ಮೇಲೆ ಲೈಲ್ ಅವನತ್ತ ತಿರುಗಲೂ ಇಲ್ಲ.

"ಯಾಕ್ ಬಂದೆ?" ಎಂದ.

"ಕೈ ಹೇಗಿದೆ?"

ಅದು ಆಟದ ನಡುವೆ ಪಿಚರನನ್ನು ಯಾರೂ ಕೇಳಬಾರದ ಪ್ರಶ್ನೆ. ಲೈಲ್‌ನ ಕಿವಿ ಕೆಂಪಾದವು. ಹಿಂದೆ ಜನ ಕೂರುವ ಮರದ ಮೆಟ್ಟಿಲುಗಳ ಮೂರನೆಯ ಸಾಲಿನಲ್ಲಿ ಹುಲ್ಲಿನ ಟೋಪಿ ಹಾಕಿಕೊಂಡ ಮನುಷ್ಯನೊಬ್ಬ ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದ. ದೊಡ್ಡ ತಂಡದವರು ಕಳಿಸಿದ ಆಳು, ಲೈಲ್‌ನನ್ನು ನೋಡಲೆಂದೇ ಬಂದವನು.

"ನನ್ ಕೈ ವಿಷಯ ನಿಂಗ್ಯಾಕೆ, ಅಜ್ಜ? ನಿನ್ ಕಾಲು ನೋಡ್ಕೋ."

"ಇವತ್ತು ನಿಲ್ಸು ಲೈಲ್. ಅವನು ಇನ್ನೊಂದ್ಸಲ ಬರ್ತಾನೆ."

"ನಿಂಗೆ ಬಂದ್ರಾ ಇನ್ನೊಂದ್ಸಲ?" ಎಂದ ಲೈಲ್. ಆಮೇಲೆ ದನಿ ತಗ್ಗಿಸಿ, "ಕೆಳಗೆ ಬಗ್ಗಿ ಮಣ್ಣು ಗಿಣ್ಣು ಮುಟ್ಟಿದ್ರೆ, ಆ ಇನ್ನೊಂದ್ ಕಾಲೂ ಮುರೀತೀನಿ. ನಾನ್ ಎಸೀತೀನಿ, ನೀನ್ ಹಿಡಿ. ಅಷ್ಟೇ ನಿನ್ ಕೆಲಸ," ಎಂದ.

ಐದು ವರ್ಷದ ಕಿಚ್ಚು ಆರ್ವಿಲ್‌ನನ್ನು ಹಿಡಿಯಿತು. ಸರಿ ಎಂದ. ತಿರುಗಿ ತನ್ನ ಜಾಗಕ್ಕೆ ಹೋಗಿ ಕುಕ್ಕರುಗಾಲಿನಲ್ಲಿ ಕೂತ.

ಗವಸಿನಲ್ಲಿ ಒಂದು ಜಾಗವಿದೆ, ಬೆರಳುಗಳ ಬುಡದ ಕೆಳಗೆ, ತೊಗಲು ತೆಳ್ಳಗಾದಲ್ಲಿ. ಚೆಂಡನ್ನು ಸರಿಯಾಗಿ ಅಲ್ಲಿಗೇ ತೆಗೆದುಕೊಂಡು, ಬೀಳುವ ಕ್ಷಣದಲ್ಲಿ ಗವಸನ್ನು ಒಂದಿಷ್ಟು ಎದುರಿಗೆ ತಳ್ಳಿದರೆ, ಮುದುಕ ಎಸೆದ ಚೆಂಡೂ ಕೋವಿ ಹಾರಿಸಿದಂತೆ ಸದ್ದು ಮಾಡುತ್ತದೆ. ಕೈ ಸೋತ ಪಿಚರುಗಳಿಗೆ ಒಂದಿಷ್ಟು ಧೈರ್ಯ ಬರಲೆಂದು ಹಳೆಯ ಕ್ಯಾಚರುಗಳು ಕಂಡುಕೊಂಡ ವಿದ್ಯೆ ಅದು. ಆರ್ವಿಲ್‌ಗೆ ಅದನ್ನು ಕಲಿಸಿದವರು ಒಳ್ಳೆಯವರು.

ಮುಂದಿನ ಚೆಂಡು ಬಂತು. ಢಂ ಎಂದಿತು. ಜನ ಓ ಎಂದರು.

ಲೈಲ್‌ನ ಮುಖದಲ್ಲಿ ಆಶ್ಚರ್ಯ ಹಾದುಹೋಯಿತು. ಕೈ ನೋಯುತ್ತಿದೆ, ಆದರೂ ವೇಗವಿದೆ ಎಂದು ಅವನು ನಂಬಿದ. ಇಪ್ಪತ್ತು ವರ್ಷದವನು, ನಂಬಬೇಕೆಂದು ಕಾಯುತ್ತಿದ್ದವನು, ಬೇಗ ನಂಬಿದ. ಮುಂದಿನದನ್ನು ಇನ್ನೂ ಬಲ ಹಾಕಿ ಎಸೆದ. ಆರ್ವಿಲ್ ಅದಕ್ಕೂ ಸದ್ದು ಕೊಟ್ಟ.

ಆ ಇನಿಂಗ್ಸಿನಲ್ಲಿ ಎದುರಾಳಿಗಳು ಹೊಡೆದ ಎರಡು ಚೆಂಡು ಬೇಲಿಯ ಬುಡದವರೆಗೆ ಹೋಗಿ ಅಲ್ಲಿದ್ದವರ ಕೈಗೆ ಸಿಕ್ಕವು. ತಮ್ಮ ಸರದಿಗೆ ಒಳಗೆ ಬಂದು ಆರ್ವಿಲ್ ಬೆಂಚಿನಲ್ಲಿ ಕೂತಾಗ ಸ್ಪೈವಿ ತಂಬಾಕು ಅಗಿಯುತ್ತ ಅವನ ಪಕ್ಕಕ್ಕೆ ಸರಿದ. ಅವನು ಕೂತಿದ್ದ ಕಡೆ ಸಂಜೆಯ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಈ ಹೊತ್ತಿನಲ್ಲಿ ಅವನು ಕಿವಿಯಿಂದಲೇ ಆಟ ನಡೆಸುತ್ತಾನೆಂದು ತಂಡಕ್ಕೆಲ್ಲ ಗೊತ್ತು.

"ಚೆಂಡು ದೂರ ಹೋಗ್ತಾ ಇದೆಯಲ್ಲ. ಹುಡುಗ ಹೇಗಿದಾನೆ?" ಎಂದು ಕೇಳಿದ.

"ನಿಮಗೆ ಕೇಳಿಸ್ತಾ ಇಲ್ವಾ?" ಎಂದ ಆರ್ವಿಲ್.

ಸ್ಪೈವಿ ತಲೆಯಾಡಿಸಿದ. ತಾನು ಸುಳ್ಳು ಹೇಳಲಿಲ್ಲ ಎಂದು ಆರ್ವಿಲ್ ತನಗೆ ತಾನೇ ಹೇಳಿಕೊಂಡ. ಹುಡುಗನೇ ಬೇಡಿದ್ದನ್ನು ತಾನು ಕೊಡುತ್ತಿದ್ದೇನೆ ಎಂದೂ ಹೇಳಿಕೊಂಡ. ತನ್ನ ಮನಸ್ಸಿಗೆ ಲೆಕ್ಕ ಒಪ್ಪಿಸಲು ಮನುಷ್ಯನಿಗೆ ಕಾರಣಗಳು ಬೇಕಾದಷ್ಟು ಸಿಗುತ್ತವೆ.

ಏಳನೆಯ ಇನಿಂಗ್ಸ್ ಹೇಗೋ ಕಳೆಯಿತು. ಎಂಟನೆಯದರಲ್ಲಿ ಎದುರಾಳಿಗಳ ಮೊದಲನೆಯವನೇ ಹೊಡೆದು ಮೈದಾನದ ಎರಡನೆಯ ಮೂಲೆಯವರೆಗೆ ಓಡಿದ. ಮೆಟ್ಟಿಲ ಮೇಲಿದ್ದ ಜನ, ಅದುವರೆಗೆ ಲೈಲ್‌ನನ್ನು ಹೊತ್ತು ಮೆರೆಸುತ್ತಿದ್ದವರು, ಒಮ್ಮೆಲೇ ತಿರುಗಿಬಿದ್ದರು. ನೂಲುವ ವಿಭಾಗದ ದಪ್ಪ ಹೆಂಗಸೊಬ್ಬಳು, ಮಗ ರಾತ್ರಿ ಯಾರ ಮನೇಲಿ ಮಲಗಿದ್ದನೋ ಕೇಳಿ ಎಂದು ಕೂಗಿದಳು. ಎದುರಾಳಿ ಬೆಂಚಿನವರು ಕೈಯನ್ನು ರೆಕ್ಕೆ ಮುರಿದ ಕೋಳಿಯ ಹಾಗೆ ಆಡಿಸಿ ತೋರಿಸಿದರು. ಲೈಲ್ ಹಲ್ಲು ಕಚ್ಚಿಕೊಂಡು, ಯಾವ ಚೆಂಡು ಎಸೆಯಬೇಕೆಂಬ ಆರ್ವಿಲ್‌ನ ಸನ್ನೆಗಾಗಿ ಬಗ್ಗಿ ನೋಡಿದ.

ಆರ್ವಿಲ್ ತೊಡೆಗಳ ನಡುವೆ ಎರಡು ಬೆರಳು ತೋರಿಸಿದ. ತಿರುಚಿ ಎಸೆಯುವ ಚೆಂಡು. ಮೊಣಕೈಯ ನರವನ್ನು ಹಿಂಡುವುದು ಅದೇ. ಲೈಲ್ ಎಸೆದ, ಮುಖ ಬಿಳಿಚಿಕೊಂಡಿತು. ಆರ್ವಿಲ್ ಮತ್ತೆ ಎರಡು ಬೆರಳು ತೋರಿಸಿದ. ಬೇಡ ಎಂದು ಲೈಲ್ ತಲೆಯಲ್ಲಾಡಿಸಿದ. ನಾಲ್ಕು ತಿಂಗಳಲ್ಲಿ ಅವನು ಇವನೆದುರು ಬೇಡ ಎಂದದ್ದು ಅದೇ ಮೊದಲು. ಆರ್ವಿಲ್ ಬೆರಳುಗಳನ್ನು ಹಾಗೇ ಹಿಡಿದುಕೊಂಡಿದ್ದ. ಹುಡುಗ ಎಸೆದ. ಮೂರನೆಯ ಸಲವೂ ಎರಡೇ ಬೆರಳು.

ಲೈಲ್‌ನ ಮೊಣಕೈಯಿಂದ ಬಂದ ಒಣಕಡ್ಡಿ ಮುರಿದಂಥ ಸದ್ದು ಹೋಮ್ ಪ್ಲೇಟಿನವರೆಗೆ ಕೇಳಿಸಿತು. ಚೆಂಡು ಬ್ಯಾಟುಗಾರನ ತಲೆಯ ಮೇಲೆ ಹಾದು ಹಿಂದಿನ ಬಲೆಗೆ ಬಡಿಯಿತು. ಲೈಲ್ ಕೂಗಲಿಲ್ಲ. ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ದಿಬ್ಬದ ಮೇಲೆ ಮೆಲ್ಲಗೆ ಕೂತ. ಏಳೋ ಸೋಮಾರಿ ಎಂದು ಯಾರೋ ಕೂಗಿದರು. ಹುಲ್ಲಿನ ಟೋಪಿಯವನು ಪುಸ್ತಕ ಮುಚ್ಚಿ, ಪೆನ್ಸಿಲನ್ನು ಜೇಬಿಗೆ ಸಿಕ್ಕಿಸಿಕೊಂಡು, ಜನರ ಮೊಣಕಾಲುಗಳನ್ನು ದಾಟುತ್ತ ಹೊರಟ. ಆರ್ವಿಲ್‌ಗೆ ತಾನು ಕಾಯುತ್ತಿದ್ದ ಸುಖ ಬರಲಿಲ್ಲ.

ಬೇರೆ ಪಿಚರ್ ಬಂದು ಆಟ ಗೆದ್ದುಕೊಟ್ಟ. ಬಟ್ಟೆ ಬದಲಿಸುವ ಕೋಣೆಯಲ್ಲಿ ಹುಡುಗರು ಒದ್ದೆ ಟವೆಲಿನಿಂದ ಒಬ್ಬರನ್ನೊಬ್ಬರು ಹೊಡೆದುಕೊಂಡು ನಗುತ್ತಿದ್ದರು. ಮೂಲೆಯ ಬೆಂಚಿನತ್ತ ಮಾತ್ರ ಯಾರೂ ತಿರುಗುತ್ತಿರಲಿಲ್ಲ. ಕೈ ಮುರಿದವನನ್ನು ನೋಡಿದರೆ ಅವನ ಗ್ರಹಚಾರ ತಮಗೂ ಅಂಟುತ್ತದೆ ಎಂಬ ನಂಬಿಕೆ ಆಟಗಾರರಲ್ಲಿ ಬೇರೂರಿದೆ. ಐವತ್ತೆರಡರಲ್ಲಿ ಆರ್ವಿಲ್‌ನ ಪಕ್ಕದವನು ಅವನ ಎದುರಿಗೇ ತನ್ನ ಬೂಟು ಎತ್ತಿಕೊಂಡು ಬೇರೆ ಬೆಂಚಿಗೆ ಹೋಗಿದ್ದ. ಲೈಲ್‌ನ ಸುತ್ತ ಈಗ ಬಟ್ಟೆ ನೇತುಹಾಕುವ ಮೂರು ಗೂಟ ಖಾಲಿ ಇದ್ದವು.

ಅವನ ಬಲಗೈಯನ್ನು ಎದೆಗೆ ಬಿಗಿದು ಕಟ್ಟಿ, ಮೇಲೆ ಅಂಗಿ ಹೊದಿಸಿದ್ದರು. ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದ. ಒಂದು ಸಿಕ್ಕುತ್ತಿತ್ತು, ಮುಂದಿನದಕ್ಕೆ ಕೈ ಹಾಕುವಾಗ ಮೊದಲಿನದು ಬಿಚ್ಚಿಕೊಳ್ಳುತ್ತಿತ್ತು. ಆರ್ವಿಲ್ ತನ್ನ ಬೂಟಿನ ದಾರ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಕೊನೆಗೆ ಎದ್ದು, ಕೋಣೆಯ ಅಷ್ಟುದ್ದವನ್ನೂ ಕುಂಟುತ್ತ ದಾಟಿ ಅವನೆದುರು ನಿಂತ. ಟವೆಲಿನ ಆಟ ನಿಂತಿತು.

"ನೀನು ಹೇಳ್ಬೋದಿತ್ತು," ಎಂದ ಲೈಲ್. ಅವನ ದನಿಯಲ್ಲಿ ಎಂದಿನ ಕೊಂಕು ಇರಲಿಲ್ಲ. "ಆ ಮುದುಕ ಸ್ಪೈವಿಗೆ. ಮಣ್ಣು ಮುಟ್ಟಿದ್ರೆ ಆಗಿತ್ತು."

ಆರ್ವಿಲ್ ನೆಲದ ಮೇಲೆ ಬಿದ್ದಿದ್ದ ಒದ್ದೆ ಟವೆಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

"ಹೇಳ್ಲಿಲ್ಲ ನೀನು. ನಾನ್ ಅಷ್ಟೆಲ್ಲ ಅಂದ್ರೂ." ಹುಡುಗ ಮೂಗು ಒರೆಸಿಕೊಂಡ. "ನನ್ ಕಡೆ ಇಲ್ಲಿ ಒಬ್ಬನಾದ್ರೂ ಇದ್ದ ಅಂತ ನಂಗೆ ಗೊತ್ತಿರ್ಲಿಲ್ಲ, ಟ್ಯಾಕೆಟ್. ಕೊನೆವರ್ಗೂ ಎಂಥಾ ಸದ್ದು ಬರ್ತಿತ್ತು ನೋಡು. ಕೇಳಿಸ್ತು ತಾನೆ ನಿಂಗೂ?"

ಹೇಳಿಬಿಡಬೇಕೆಂದು ಆರ್ವಿಲ್ ಬಾಯಿ ತೆರೆದ. ಇಡೀ ಕೋಣೆ ಕೇಳುತ್ತಿತ್ತು. ಹೇಳಿದರೆ ಹುಡುಗನ ಬಳಿ ಉಳಿದಿದ್ದ ಆ ಸದ್ದೂ ಹೋಗುತ್ತದೆ. ಹೇಳದಿದ್ದರೆ ಈ ಕೃತಜ್ಞತೆಯನ್ನು ತಾನು ಸಾಯುವವರೆಗೆ ಹೊರಬೇಕು.

"ಕೇಳಿಸ್ತು," ಎಂದ.

"ಮುಂದಿನ್ ವರ್ಷಾನೂ ನೀನೇ ಹಿಡೀಬೇಕು ನಂದು."

ಆರ್ವಿಲ್ ಬಗ್ಗಿ ಕೆಳಗಿನ ಗುಂಡಿಯಿಂದ ಶುರು ಮಾಡಿದ. ಹದಿನೈದು ವರ್ಷ ತಪ್ಪಿ ಬಂದ ಚೆಂಡುಗಳ ಪೆಟ್ಟು ತಿಂದ ಅವನ ಗವಸಿಲ್ಲದ ಬಲಗೈ ಬೆರಳುಗಳು ಗಂಟುಗಂಟಾಗಿ ಅತ್ತಿತ್ತ ಸೊಟ್ಟಗಾಗಿದ್ದವು. ಒಂದೊಂದನ್ನೂ ಸಿಕ್ಕಿಸುತ್ತ ಮೇಲಕ್ಕೆ ಬಂದ. ಕುತ್ತಿಗೆಯ ಗುಂಡಿ ಸಣ್ಣದು, ಎಷ್ಟು ಮಾಡಿದರೂ ತೂತಿಗೆ ಇಳಿಯಲೊಲ್ಲದು. ಅವಸರವಿಲ್ಲ ಎನ್ನುವಂತೆ ಲೈಲ್ ಗದ್ದ ಮೇಲೆತ್ತಿ, ಕಣ್ಣು ಮುಚ್ಚಿಕೊಂಡು, ಕಾಯುತ್ತ ಕೂತಿದ್ದ.