ಉಜ್ಜೋದು

ಲಕ್ವ ಹೊಡೆದ ಮೇಲೆ ಅಮ್ಮನ ಕೈಕಾಲು ಹೇಗೋ ಸರಿಹೋದವು, ವಸ್ತುಗಳ ಹೆಸರುಗಳು ಮಾತ್ರ ಕೈಕೊಟ್ಟವು. ಹಾಗಂತ ಸುಮ್ಮನಿರುವ ಪೈಕಿಯಲ್ಲ ಆಕೆ. ಸ್ಟೇಷನರಿ ಅಂಗಡಿಯ ಗಲ್ಲಾದಲ್ಲಿ ಕೂತು ಎಂತೆಂಥ ಗಿರಾಕಿಗಳ ಬಾಯಿ ಮುಚ್ಚಿಸಿದ ಬಾಯಿ ಅದು. ಗೋಂದಿಗೆ ‘ಅಂಟೋದು’, ರಬ್ಬರಿಗೆ ‘ಉಜ್ಜೋದು’ ಎನ್ನುತ್ತಾ ವ್ಯಾಪಾರ ಶುರುಮಾಡಿಯೇಬಿಟ್ಟಳು. ಒಂದು ದಿನ ಗಿರಾಕಿಯೊಬ್ಬ ಅದನ್ನು ಕೇಳಿ ಕಿಸಕ್ಕೆಂದ. ಪಕ್ಕದಲ್ಲಿದ್ದ ಮಗಳಿಗೂ ತಡೆಯಲಾಗಲಿಲ್ಲ, ನಕ್ಕುಬಿಟ್ಟಳು.

ಅಂದಿನಿಂದ ಅಮ್ಮನ ಬಾಯಿಗೆ ಬೀಗ. ಮಾತಾಡದೆ ಹೋದರೆ ಉಳಿದ ಮಾತೂ ಹೋಗುತ್ತದೆ ಎಂದು ಡಾಕ್ಟರು ಮಗಳಿಗೆ ಹೇಳಿದರು. ಆ ಹಾಳು ನಗುವನ್ನು ವಾಪಸು ತೆಗೆದುಕೊಳ್ಳುವುದು ಹೇಗೆ?

ಯಾರೂ ಕೊಳ್ಳದ ದಪ್ಪ ಇಂಗ್ಲಿಷ್ ನಿಘಂಟೊಂದು ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಅದನ್ನು ಒರೆಸುವಾಗ ಅವಳಿಗೆ ಇದ್ದಕ್ಕಿದ್ದಂತೆ ಕುತೂಹಲ ಹುಟ್ಟಿತು. ಅಲ್ಲ, ರಬ್ಬರಿಗೆ ರಬ್ಬರ್ ಅಂತ ಯಾಕೆ ಕರೆದರು? ಪುಟ ತಿರುವಿದವಳು ಅಲ್ಲೇ ಸ್ಟೂಲಿನ ಮೇಲೆ ಕುಕ್ಕರಿಸಿದಳು.

“ಅಮ್ಮ, ಕೇಳಿಲ್ಲಿ! ರಬ್ ಅಂದ್ರೆ ಉಜ್ಜು. ಪೆನ್ಸಿಲ್ ಗೆರೆ ಉಜ್ಜಿ ಅಳಿಸತ್ತೆ ಅಂತ ರಬ್ಬರ್. ಚಪ್ಪಲಿ, ಟೈರು ಎಲ್ಲ ಆಮೇಲೆ ಬಂದಿದ್ದು. ಇಂಗ್ಲಿಷಿನೋರೂ ನಿನ್ ಥರಾನೇ ಕರೆದಿದಾರೆ ಕಣಮ್ಮ!”

ಅಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

ಮಗಳಿಗೆ ಹುರುಪೇರಿತು. ಪೆನ್ಸಿಲ್ಲಿನ ಲೆಡ್ ಹುಡುಕಿದಳು. ಒಳಗಿನ ಕರಿ ವಸ್ತುವನ್ನು ಕಂಡು ಹಿಂದಿನವರು ಲೆಡ್, ಅಂದರೆ ಸೀಸ ಅಂದುಕೊಂಡರಂತೆ, ಅದರಲ್ಲಿ ಸೀಸದ ಚೂರೂ ಇಲ್ಲ. “ನಾವೇನ್ ಕಮ್ಮಿ? ಸೀಸದಕಡ್ಡಿ ಅಂತೀವಿ!” ಆಮೇಲೆ ಅಮ್ಮನ ನೀರಿನ ಲೋಟದತ್ತ ಕೈ ತೋರಿಸಿದಳು. “ಗ್ಲಾಸ್ ಅಂದ್ರೆ ಗಾಜು. ಇದನ್ನ ಸ್ಟೀಲ್ ಗ್ಲಾಸ್ ಅಂತೀವಲ್ಲ, ಸ್ಟೀಲಿನ ಗಾಜು! ತಲೆ ನೆಟ್ಟಗಿರೋರ ಕಥೇನೇ ಹೀಗೆ.”

ನಗುವಿಗೆ ಅಮ್ಮನ ಹೊಟ್ಟೆ ಕುಲುಕಿತು, ದನಿ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಪಕ್ಕದ ಶಾಲೆಗೆ ಹೊಸದಾಗಿ ಬಂದ ಡ್ರಾಯಿಂಗ್ ಮೇಷ್ಟರು ರಬ್ಬರ್ ಕೇಳಿಕೊಂಡು ಬಂದರು. ಮಗಳು ಬೇಕೆಂದೇ ಅಮ್ಮನಿಗೆ ಗಟ್ಟಿಯಾಗಿ ಹೇಳಿದಳು, “ಒಂದು ಉಜ್ಜೋದು ಕೊಡು.”

ಮೇಷ್ಟರು ಹುಬ್ಬೇರಿಸಿದರು. ಅಮ್ಮ ಡಬ್ಬಿಯಿಂದ ಒಂದನ್ನು ಆರಿಸಿ, ಗಂಟಲು ಸರಿಮಾಡಿಕೊಂಡಳು. “ಉಜ್ಜೋದು. ಒಳ್ಳೇದು.”

ಎಷ್ಟೋ ದಿನದ ಮೇಲೆ ಆ ದನಿ ಕೇಳಿ ಮಗಳ ಕಣ್ಣು ತುಂಬಿತು. ಮೇಷ್ಟರು ಅವಳನ್ನು ನೋಡಿ, “ಇವರು ನಿಮಗೇನಾಗ್ಬೇಕಮ್ಮ?” ಎಂದು ಅಮ್ಮನನ್ನು ಕೇಳಿದರು.

ಅಮ್ಮ ಮಗಳನ್ನೇ ದಿಟ್ಟಿಸಿದಳು. ಮಗಳು ಎಂಬ ಮಾತು ನಾಲಿಗೆ ತುದಿಗೂ ಬರಲಿಲ್ಲ.

“ನಕ್ಕೋಳು,” ಎಂದಳು.

ಮಗಳ ಮುಖ ಸಪ್ಪಗಾಯಿತು. ಅಮ್ಮ ಕೈಯಲ್ಲಿದ್ದ ರಬ್ಬರಿನಿಂದ ಗಾಳಿಯನ್ನೇ ಗಸಗಸ ಉಜ್ಜಿದಳು. ಆಮೇಲೆ ಮಗಳ ಮಡಿಲಲ್ಲಿ ತೆರೆದುಕೊಂಡಿದ್ದ ನಿಘಂಟನ್ನು ನೋಡಿದಳು.

“ಅಲ್ಲ. ಹುಡುಕೋಳು.”